ಎತ್ತರವೂ ಕಾಠಿನ್ಯವೂ

ಪರ್ವತವೊಂದರ ಎತ್ತರವನ್ನು ಅದರ ಬುಡಕ್ಕೂ ಹೋಗದೆ, ನೂರು ಮೈಲಿಗೂ ಮಿಗಿಲಾದ ದೂರದ ಬಯಲಿನಲ್ಲಿ ನಿಂತು ಅಳೆಯುವುದು ಸಾಧ್ಯ. ಅದನ್ನು ಏರುವ ಕಷ್ಟವನ್ನಾದರೋ ಏರಹೊರಟವನ ದೇಹವೂ ಆಯುಸ್ಸೂ ಮಾತ್ರ ಅಳೆಯಬಲ್ಲವು. 1802ರಲ್ಲಿ ಮದರಾಸಿನಲ್ಲಿ ಮೊದಲಾಗಿ, ನಮ್ಮ ಬೆಂಗಳೂರಿನ ಬಳಿಯ ಆಧಾರರೇಖೆಯನ್ನೂ ಒಳಗೊಂಡು ಉತ್ತರಾಭಿಮುಖವಾಗಿ ಹಬ್ಬಿದ ತ್ರಿಕೋನಮಾಪನದ ಬಲದಿಂದ, ರಾಧಾನಾಥ ಸಿಕ್ದಾರರೇ ಮೊದಲಾದವರ ಗಣಿತಪರಿಶ್ರಮದ ಫಲವಾಗಿ, ಎವರೆಸ್ಟೆಂದು ಹೆಸರಾದ ಹದಿನೈದನೆಯ ಸಂಖ್ಯೆಯ ಶಿಖರವು 29,002 ಅಡಿಯುಳ್ಳದ್ದೆಂದೂ ಜಗತ್ತಿನಲ್ಲೇ ಅತ್ಯುನ್ನತವೆಂದೂ 1856ರಲ್ಲಿ ಪ್ರಕಟವಾದಂದಿನಿಂದ, ಅತ್ಯುನ್ನತವಾದುದೇ ಅತಿ ದುರಾರೋಹವೆಂಬ ಭಾವನೆ ಜನಮನದಲ್ಲಿ ನೆಲೆಯೂರಿತು. ಆ ಭಾವನೆ ಮೆಲ್ಲಮೆಲ್ಲನೆ ಸಡಿಲಗೊಂಡ ಬಗೆಯೇ ಪರ್ವತಾರೋಹಣದ ಇತಿಹಾಸದಲ್ಲಿ ನನಗೆ ಅತ್ಯಂತ ಬೋಧಪ್ರದವಾಗಿ ತೋರುವ ಭಾಗ.

ಎಂಟು ಸಾವಿರ ಮೀಟರಿಗೆ ಮೇಲ್ಪಟ್ಟ ಶಿಖರಗಳು ಹದಿನಾಲ್ಕು. ಅವೆಲ್ಲವೂ ಹಿಮಾಲಯ ಮತ್ತು ಕಾರಕೋರಂ ಶ್ರೇಣಿಗಳಲ್ಲಿಯೇ ಇವೆ. ಆಲ್ಪ್ಸ್ ಪರ್ವತಗಳ ಕಡಿದಾದ ಬಂಡೆಗಳ ಮೇಲೆ ತನ್ನ ಕಾಲದಲ್ಲಿ ಸರಿಸಾಟಿಯಿಲ್ಲದವನೆನಿಸಿದ್ದ ಇಂಗ್ಲೆಂಡಿನ ಮಮ್ಮರಿಯು 1895ರಲ್ಲಿ ಅವುಗಳಲ್ಲೊಂದಾದ ನಂಗಾ ಪರ್ಬತಕ್ಕೆ ಬಂದನು. ಬಂದವನು ಇಬ್ಬರು ಗೂರ್ಖಾ ಸಂಗಾತಿಗಳೊಡನೆ ಅಲ್ಲಿಯೇ ಕಣ್ಮರೆಯಾದನು. ಯುರೋಪಿನಲ್ಲಿ ಕಲಿತ ಕೌಶಲವು ಇಲ್ಲಿಗೆ ಸಾಲದೆಂಬುದಕ್ಕೆ ಇದು ಪ್ರಥಮ ಸಾಕ್ಷ್ಯ. ಆದರೂ ಕಾಠಿನ್ಯವನ್ನು ಶಾಸ್ತ್ರೀಯವಾಗಿ ಶ್ರೇಣೀಕರಿಸುವ ಕೆಲಸ ನಡೆದುದು ಆಲ್ಪ್ಸಿನಲ್ಲಿಯೇ. 1920ರ ದಶಕದಲ್ಲಿ ಮ್ಯೂನಿಕ್ಕಿನ ವಿಲ್ಲೋ ವೆಲ್ಟ್ಸೆನ್‌ಬಾಖನು ಬಂಡೆಯೇರುವ ಕಷ್ಟವನ್ನು ಆರು ಮೆಟ್ಟಲುಗಳಾಗಿ ವಿಂಗಡಿಸಿದನು. ಇಂದಿನ ಶ್ರೇಣಿಗಳಲ್ಲಿ ಹಲವು ಅದರಿಂದಲೇ ಹುಟ್ಟಿದವು. ಆತನೇ 1934ರಲ್ಲಿ ಜರ್ಮನ್ ತಂಡದವನಾಗಿ ನಂಗಾ ಪರ್ಬತಕ್ಕೆ ಬಂದಾಗ ಅವನನ್ನು ಕೊಂದುದು ಆರನೆಯ ಶ್ರೇಣಿಯ ಬಂಡೆಯಲ್ಲ. ಬಂಡೆಯೇರುವ ದೃಷ್ಟಿಯಿಂದ ಯಾವ ಕಷ್ಟವೂ ಇಲ್ಲದ ನೀಳವಾದ ಹಿಮದ ಏಣಿನ ಮೇಲೆ, ದಿನದ ಮೇಲೆ ದಿನ ಬಿಡದೆ ಬೀಸಿದ ಹಿಮಮಾರುತ. ಅವನೊಡನೆ ನಾಯಕ ಮೆರ್ಕ್ಲನೂ ಮತ್ತೊಬ್ಬ ಜರ್ಮನನೂ ಆರು ಮಂದಿ ಶೆರ್ಪಾಗಳೂ ಮಡಿದರು. ನಡೆಯಲಾರದ ನಾಯಕನನ್ನು ಬಿಟ್ಟಿಳಿಯಲೊಲ್ಲದೆ ಅವನ ಬಳಿಯೇ ಉಳಿದು ಸತ್ತ ಗೇಲೇ ಎಂಬ ಶೆರ್ಪಾನ ಹೆಸರು ಯಾವ ಶ್ರೇಣಿಯ ಸೂತ್ರಕ್ಕೂ ಸೇರಿಲ್ಲವಾದರೂ, ಈ ಶಾಸ್ತ್ರವನ್ನು ಓದುವವರು ಆತನನ್ನು ಮರೆಯಬಾರದೆಂದು ನನ್ನ ಆಗ್ರಹ. ಮೂರು ವರ್ಷಗಳ ತರುವಾಯ ಅದೇ ಪರ್ವತದಲ್ಲಿ ಒಂದೇ ರಾತ್ರಿಯ ಹಿಮಕುಸಿತವು ಡೇರೆಗಳಲ್ಲಿ ಮಲಗಿದ್ದ ಹದಿನಾರು ಜನರನ್ನು ನುಂಗಿತು.

ಆಲ್ಪ್ಸಿನ ಶ್ರೇಣಿಯು ಅಳೆಯದೆ ಬಿಟ್ಟುದು ಮುಖ್ಯವಾಗಿ ಗಾಳಿಯನ್ನು. ಎವರೆಸ್ಟಿನ ನೆತ್ತಿಯಲ್ಲಿ ವಾಯುಭಾರವು ಕಡಲತೀರದ ವಾಯುಭಾರದ ಮೂರನೆಯ ಒಂದು ಪಾಲು ಮಾತ್ರವೆಂಬುದನ್ನು 1981ರಲ್ಲಿ ಅಮೆರಿಕದ ವೈದ್ಯಕೀಯ ಸಂಶೋಧಕರ ತಂಡವೊಂದು ಶಿಖರದಲ್ಲಿಯೇ ಅಳೆದು ತೋರಿಸಿತು. ಅದಕ್ಕೆ ಮೂರು ವರ್ಷ ಮೊದಲೇ, 1978ರ ಮೇ 8ರಂದು, ಮೆಸ್ನರ್ ಮತ್ತು ಹಾಬೆಲರ್ ಎಂಬ ಆರೋಹಿಗಳು ಕೃತಕ ಆಮ್ಲಜನಕವಿಲ್ಲದೆ ಅಲ್ಲಿಗೆ ಹೋಗಿಬಂದು, ಅಸಾಧ್ಯವೆಂದಿದ್ದವರ ಮಾತನ್ನು ಸುಳ್ಳಾಗಿಸಿದ್ದರು. ಇಲ್ಲಿ ಒಂದು ಸೂಕ್ಷ್ಮವುಂಟು: ವಾಯುಭಾರವು ಎತ್ತರವೊಂದನ್ನೇ ಅವಲಂಬಿಸಿಲ್ಲ. ವಿಷುವದ್ರೇಖೆಯಿಂದ ದೂರ ಸರಿದಂತೆಯೂ ಚಳಿಗಾಲ ಸಮೀಪಿಸಿದಂತೆಯೂ ಅದು ಇನ್ನಷ್ಟು ಇಳಿಯುತ್ತದೆ. ಎವರೆಸ್ಟು 28ನೆಯ ಅಕ್ಷಾಂಶದಲ್ಲಿದ್ದರೆ ಕಾರಕೋರಂನ ಕೆ-2 ಶಿಖರ 36ನೆಯದರ ಹತ್ತಿರದಲ್ಲಿದೆ. ಆದ್ದರಿಂದ ಇವೆರಡರ ನಡುವಿನ ಇನ್ನೂರು ಚಿಲ್ಲರೆ ಮೀಟರುಗಳ ಅಂತರವನ್ನು ಆರೋಹಿಯ ಶ್ವಾಸಕೋಶವು ನಕ್ಷೆ ಕಾಣುವಂತೆ ಕಾಣುವುದಿಲ್ಲ.

1950ರಿಂದ 1964ರವರೆಗಿನ ಹದಿನೈದು ವರ್ಷಗಳಲ್ಲಿ ಹದಿನಾಲ್ಕು ಶಿಖರಗಳೂ ಮಾನವಪಾದಕ್ಕೆ ಮಣಿದವು. ಮೊದಲು ಮಣಿದುದು, ಎತ್ತರದಲ್ಲಿ ಹತ್ತನೆಯದಾದ ಅನ್ನಪೂರ್ಣಾ. ಫ್ರೆಂಚರು ಹೊರಟುದು ಧವಳಗಿರಿಗೋ ಅನ್ನಪೂರ್ಣೆಗೋ ಎಂಬುದೇ ನಿಶ್ಚಯವಿರಲಿಲ್ಲ. ಕೈಯಲ್ಲಿದ್ದ ನಕ್ಷೆಗಳು ತಪ್ಪಾಗಿದ್ದುದರಿಂದ ಪರ್ವತದ ಬುಡಕ್ಕೆ ದಾರಿ ಹುಡುಕುವುದರಲ್ಲಿಯೇ ವಾರಗಳು ಕಳೆದುವು. 1950ರ ಜೂನ್ 3ರಂದು ಶಿಖರ ಮುಟ್ಟಿದ ಎರ್ಝೋಗ್ ಮತ್ತು ಲಾಶೆನಾಲ್ ಇಬ್ಬರೂ ಶೀತದಿಂದ ಸತ್ತ ಬೆರಳುಗಳನ್ನು ಕತ್ತರಿಸಿಕೊಂಡು ಊರಿಗೆ ಮರಳಬೇಕಾಯಿತು. ಮೊದಲು ಏರಲ್ಪಟ್ಟುದು ಸುಲಭವೆಂದು ತರ್ಕಿಸುವವರಿಗೆ ಅನ್ನಪೂರ್ಣೆಯೇ ಉತ್ತರ: ಶಿಖರ ಮುಟ್ಟಿದ ಮೂವರಿಗೆ ಒಬ್ಬನಂತೆ ಬಲಿ ಪಡೆದ ಪರ್ವತವೆಂದು ಅದು ಬಹುಕಾಲ ಲೆಕ್ಕದ ಪುಸ್ತಕಗಳಲ್ಲಿ ಅಗ್ರಸ್ಥಾನದಲ್ಲಿತ್ತು.

ಈ ಲೆಕ್ಕದ ಪುಸ್ತಕವೇ ಕಾಠಿನ್ಯದ ಇನ್ನೊಂದು ಮಾನದಂಡ. ಕಾಠ್ಮಂಡುವಿನಲ್ಲಿ ನೆಲೆಸಿದ್ದ ಎಲಿಜಬೆತ್ ಹಾಲಿ ಎಂಬ ಪತ್ರಕರ್ತೆ, ತಾವೆಂದೂ ಪರ್ವತವೇರದೆ, ನೇಪಾಳಕ್ಕೆ ಬಂದ ತಂಡಗಳನ್ನು ದಶಕಗಳ ಕಾಲ ಪ್ರಶ್ನಿಸಿ ಪ್ರಶ್ನಿಸಿ ಬರೆದಿಟ್ಟ ದಾಖಲೆಗಳಿಂದ, ಯಾವ ಶಿಖರ ಎಷ್ಟು ಜನಕ್ಕೆ ಒಲಿದಿದೆ, ಎಷ್ಟು ಜನರನ್ನು ಕೊಂದಿದೆಯೆಂಬುದು ತಿಳಿಯುವಂತಾಯಿತು. ಆಕೆಯ ನಿಷ್ಠೆಗೆ ಈ ಕ್ಷೇತ್ರವು ಚಿರಋಣಿ. ಆದರೆ ಮರಣದ ಪ್ರಮಾಣವನ್ನೇ ಕಾಠಿನ್ಯವೆನ್ನುವುದನ್ನು ನಾನು ಒಪ್ಪಲಾರೆ. ಅನ್ನಪೂರ್ಣೆಯ ಉತ್ತರ ಪಾರ್ಶ್ವದಲ್ಲಿ ಕೊಲ್ಲುವುದು ಹಿಮಕುಸಿತ. ಅದು ನಿಪುಣನನ್ನೂ ನವಸಿಗನನ್ನೂ ಬೇರೆಬೇರೆಯಾಗಿ ನೋಡುವುದಿಲ್ಲವಾದ್ದರಿಂದ ಅದನ್ನು ಅಪಾಯವೆನ್ನಬೇಕೇ ಹೊರತು ಕಾಠಿನ್ಯವೆನ್ನಲಾಗದು. ಎವರೆಸ್ಟಿನ ಮರಣಪ್ರಮಾಣ ಅಲ್ಪವಾಗಿ ಕಾಣುವುದಾದರೂ, ಆ ಅಲ್ಪತೆಯನ್ನು ದುಡಿದು ತಂದವರು ಯಾರು? ಪ್ರತಿ ವಸಂತದಲ್ಲಿಯೂ ಖುಂಬು ಹಿಮಪ್ರಪಾತದ ಬಿರುಕುಗಳ ಮೇಲೆ ಏಣಿ ಹಾಸಿ, ಶಿಖರದವರೆಗೆ ಹಗ್ಗ ಬಿಗಿದು, ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತು ಮುಟ್ಟಿಸುವವರು ಶೆರ್ಪಾಗಳು. 2014ರ ಏಪ್ರಿಲ್ 18ರಂದು ಆ ಹಿಮಪ್ರಪಾತದಲ್ಲಿ ಒಮ್ಮೆಲೇ ಸತ್ತ ಹದಿನಾರು ಮಂದಿಯೂ ನೇಪಾಳದ ಕೂಲಿಗಾರ ಆರೋಹಿಗಳೇ. ಗಿರಾಕಿಗೆ ಸುಲಭವಾದ ಪರ್ವತ ಅವರಿಗೆ ಸುಲಭವಾಗಿರಲಿಲ್ಲ.

ಹಾಗಾದರೆ ಕಾಠಿನ್ಯವಿರುವುದು ಶಿಖರದಲ್ಲಲ್ಲ. ಹಿಡಿದ ದಾರಿಯಲ್ಲಿ, ಏರಿದ ಋತುವಿನಲ್ಲಿ, ಅನುಸರಿಸಿದ ರೀತಿಯಲ್ಲಿ. 1970ರಲ್ಲಿ ಬಾನಿಂಗ್ಟನ್ನನ ತಂಡ ಅನ್ನಪೂರ್ಣೆಯ ದಕ್ಷಿಣದ ಮಹಾಭಿತ್ತಿಯನ್ನು ಏರಿದ ಮೇಲೆ ಈ ಮಾತು ಆರೋಹಿಗಳ ಸಮುದಾಯದಲ್ಲಿ ನಿರ್ವಿವಾದವಾಯಿತು. ಎಂಟು ಸಾವಿರವನ್ನು ಮುಟ್ಟದ ಶಿಖರಗಳೂ ಇದನ್ನೇ ಹೇಳುತ್ತವೆ: 7,710 ಮೀಟರಿನ ಜನ್ನೂವಿನ ಉತ್ತರಭಿತ್ತಿಯು 2004ರಲ್ಲಿ ರಷ್ಯನ್ನರಿಗೆ ಒಲಿಯುವ ಮೊದಲು ಎಷ್ಟೋ ಸಮರ್ಥರನ್ನು ಬರಿಗೈಯಲ್ಲಿ ಹಿಂದಿರುಗಿಸಿತ್ತು.

ಆದರೂ ಯಾವುದು ಕಠಿಣತಮವೆಂದು ಕೇಳಿದರೆ ಉತ್ತರ ಹೇಳದೆ ಜಾರಿಕೊಳ್ಳುವುದು ತರವಲ್ಲ. ನನ್ನ ಮತ ಕೆ-2ರ ಪರವಾಗಿದೆ. 8,611 ಮೀಟರಿನ ಆ ಶಿಖರಕ್ಕೆ ಸುಲಭದ ಪಾರ್ಶ್ವವೆಂಬುದೇ ಇಲ್ಲ; 1954ರಲ್ಲಿ ಇಟಲಿಯವರು ಮೊದಲು ಏರಿದ ದಾರಿಯೂ ಬುಡದಿಂದ ತುದಿಯವರೆಗೆ ಕಡಿದು; ಎಂಟು ಸಾವಿರ ಮೀಟರಿನ ಮೇಲೆ, ತಲೆಯ ಮೇಲೆ ಬಾಗಿ ನಿಂತ ಹಿಮದ ಗೋಡೆಯ ಕೆಳಗಿನ ಇಕ್ಕಟ್ಟಾದ ಓಣಿಯನ್ನು ದಾಟಲೇಬೇಕು. 2008ರ ಆಗಸ್ಟಿನಲ್ಲಿ ಆ ಗೋಡೆ ಮುರಿದು ಹಗ್ಗಗಳನ್ನು ಕೊಚ್ಚಿದ ದುರಂತದಲ್ಲಿ ಸತ್ತವರು ಹನ್ನೊಂದು ಜನ. ಪೋಲೆಂಡಿನವರು 1980ರ ಫೆಬ್ರುವರಿಯಲ್ಲಿಯೇ ಎವರೆಸ್ಟನ್ನು ಚಳಿಗಾಲದಲ್ಲಿ ಏರಿದ್ದರು. ಉಳಿದ ಶಿಖರಗಳೂ ಒಂದೊಂದಾಗಿ ಮಣಿದು, 2016ರಲ್ಲಿ ನಂಗಾ ಪರ್ಬತವೂ ಮಣಿದ ಮೇಲೆ, ಚಳಿಗಾಲದಲ್ಲಿ ಅಜೇಯವಾಗಿ ಉಳಿದುದು ಕೆ-2 ಒಂದೇ. 2021ರ ಜನವರಿ 16ರಂದು ಅದನ್ನು ಗೆದ್ದವರು ಹತ್ತು ಮಂದಿ. ಶಿಖರದ ಹತ್ತು ಹೆಜ್ಜೆ ಕೆಳಗೆ ಪರಸ್ಪರ ಕಾದು ನಿಂತು ಅವರು ಜೊತೆಯಾಗಿ ನೆತ್ತಿಯನ್ನು ಮೆಟ್ಟಿದರು. ಹತ್ತು ಮಂದಿಯೂ ನೇಪಾಳದವರು.