ಗಾಜು, ಸ್ಪೈನೆಲ್, ವಜ್ರ: ವಕ್ರೀಭವನಮಾಪಕದ ಆಯ್ಕೆಯ ಚರಿತ್ರೆ

1925ರಲ್ಲಿ ಲಂಡನ್ನಿನ ವಾಣಿಜ್ಯ ಮಂಡಳಿಯು ಹ್ಯಾಟನ್ ಗಾರ್ಡನ್ ಪ್ರದೇಶದಲ್ಲಿ ರತ್ನಪರೀಕ್ಷೆಯ ಪ್ರಯೋಗಾಲಯವೊಂದನ್ನು ತೆರೆದುದಕ್ಕೆ ತಕ್ಷಣದ ಕಾರಣ ಮಾರುಕಟ್ಟೆಗೆ ನುಗ್ಗಿದ ಕೃಷಿ ಮುತ್ತು. ಆದರೆ ಅದರ ಹೊಣೆ ಹೊತ್ತ ಬೇಸಿಲ್ ಆಂಡರ್ಸನ್ ಮತ್ತು ಅವರ ಸಹೋದ್ಯೋಗಿ ಸಿ. ಜೆ. ಪೇನ್ ಅವರ ಮುಂದೆ ಬಣ್ಣದ ಹರಳುಗಳೂ ಬಂದವು. ಅವೆಲ್ಲ ಪರರ ಸೊತ್ತು, ಕೆರೆಯುವಂತಿಲ್ಲ, ಒಡೆಯುವಂತಿಲ್ಲ. ಉಂಗುರದಲ್ಲಿ ಕೂರಿಸಿದ ಹರಳಿನ ಸಾಂದ್ರತೆಯನ್ನು ಅಳೆಯಲೂ ಬರುವುದಿಲ್ಲ. ಬೆಳಕು ಹರಳನ್ನು ಹೊಕ್ಕಾಗ ಎಷ್ಟು ಬಾಗುತ್ತದೆಂದು ತಿಳಿಸುವ ವಕ್ರೀಭವನಾಂಕವೇ ಹೆಚ್ಚಿನ ಸಂದರ್ಭಗಳಲ್ಲಿ ಉಳಿಯುತ್ತಿದ್ದ ಆಧಾರ.

ಈ ಅಂಕಿ ಹೆಸರುಗಳ ಗೊಂದಲವನ್ನು ಬಿಡಿಸುತ್ತದೆ. ಕನ್ನಡದ ಒಡವೆಮಾತಿನಲ್ಲಿ ‘ಕೆಂಪು’ ಬಣ್ಣವೂ ಹೌದು, ರತ್ನವೂ ಹೌದು. ಅಳತೆಯಲ್ಲಿ ಮಾಣಿಕ್ಯ 1.762ರಿಂದ 1.770, ಕೆಂಪು ಸ್ಪೈನೆಲ್ ಸುಮಾರು 1.718. ಗೋಮೇಧಿಕದ ಕಥೆ ಇನ್ನೂ ಸ್ವಾರಸ್ಯಕರ. ಇಂದಿನ ವ್ಯಾಪಾರಿಗೆ ಅದು ಹೆಸ್ಸೊನೈಟ್ ಎಂಬ ಗಾರ್ನೆಟ್, ಕೆಲವು ಇಂಗ್ಲಿಷ್ ಅನುವಾದಗಳಲ್ಲಿ ಅದೇ ಜಿರ್ಕಾನ್. ಮೊದಲನೆಯದು ಸುಮಾರು 1.74 ತೋರಿಸುತ್ತದೆ, ಎರಡನೆಯದು ಸಾಮಾನ್ಯವಾಗಿ 1.92ಕ್ಕೂ ಮೇಲಿದ್ದು, ಗಾಜಿನ ಮಾಪಕದ ಅಳತೆಪಟ್ಟಿಯನ್ನೇ ಮೀರುತ್ತದೆ. ನಿಘಂಟು ಒಂದೇ ಸಾಲಿನಲ್ಲಿ ಇರಿಸಿದ ಎರಡು ಅರ್ಥಗಳಲ್ಲಿ ಒಂದನ್ನು ಉಪಕರಣ ಓದಬಲ್ಲದು, ಇನ್ನೊಂದನ್ನು ಓದಲಾರದು.

ಉಪಕರಣದ ತತ್ತ್ವ ಹಳೆಯದು. ದಟ್ಟ ಮಾಧ್ಯಮದಿಂದ ವಿರಳ ಮಾಧ್ಯಮಕ್ಕೆ ಹೊರಟ ಬೆಳಕು ಒಂದು ಕೋನ ದಾಟಿದೊಡನೆ ಪೂರ್ತಿಯಾಗಿ ಹಿಂದಿರುಗುತ್ತದೆ. ಆ ಕೋನವನ್ನು ಅಳೆದರೆ ಸಾಕೆಂದು 1802ರಲ್ಲಿಯೇ ವೊಲಾಸ್ಟನ್ ತೋರಿಸಿದ್ದರು. ಅದನ್ನು ರತ್ನ ವ್ಯಾಪಾರಿಯ ಮೇಜಿನ ಮೇಲೆ ನಿಲ್ಲುವ ಪುಟ್ಟ ಸಾಧನವಾಗಿಸಿದವರಲ್ಲಿ ಪ್ರಮುಖರು ಬ್ರಿಟಿಷ್ ಮ್ಯೂಸಿಯಂನ ಖನಿಜತಜ್ಞ ಹರ್ಬರ್ಟ್ ಸ್ಮಿತ್. 1905ರ ಮಾದರಿಯನ್ನು ಅವರೇ 1907ರಲ್ಲಿ ಸುಧಾರಿಸಿದರು. ಭಾರ ಗಾಜಿನ ಮೇಲೆ ಹರಳಿನ ಸಪಾಟು ಮುಖವನ್ನಿಟ್ಟು ಇಣುಕಿದರೆ ಬೆಳಕು ನೆರಳುಗಳ ಗಡಿ ಅಳತೆಪಟ್ಟಿಯ ಮೇಲೆ ಬೀಳುತ್ತದೆ.

ಸಮಸ್ಯೆಯಿದ್ದುದು ಆ ಗಾಜಿನಲ್ಲಿ. ಸೀಸ ಬೆರೆತ ಗಾಜು ಮೆದು; ಪರೀಕ್ಷೆಗೆ ಬಂದ ಹರಳೇ ಅದನ್ನು ಗೀರುತ್ತದೆ. ಅದು ಬಣ್ಣಗಳನ್ನು ಹೆಚ್ಚು ಚೆದುರಿಸುವುದರಿಂದ ಬಿಳಿ ಬೆಳಕಿನಲ್ಲಿ ಗಡಿರೇಖೆ ಕಾಮನಬಿಲ್ಲಿನಂತೆ ಹರಡುತ್ತದೆ. ಸೋಡಿಯಂ ದೀಪದ ಹಳದಿ ಬೆಳಕಿಲ್ಲದೆ ನಿಖರತೆ ದೊರೆಯುವುದಿಲ್ಲ. 1930ರ ದಶಕದಲ್ಲಿ ಆಂಡರ್ಸನ್ ಮತ್ತು ಪೇನ್, ರೇನರ್ ಸಂಸ್ಥೆಯ ನೆರವಿನಿಂದ, ಗಾಜಿನ ಜಾಗದಲ್ಲಿ ರತ್ನಗಳನ್ನೇ ಇಟ್ಟು ನೋಡಿದರು. ಕೃತಕ ಸ್ಪೈನೆಲ್ ಗಟ್ಟಿ. ಅದರಲ್ಲಿ ರೇಖೆ ಬಿಳಿ ಬೆಳಕಿನಲ್ಲೂ ಚೊಕ್ಕ. ಸ್ಫಟಿಕ, ಪಚ್ಚೆ, ಟೋಪಾಜ್‌ಗಳಿಗೆ ಅದಕ್ಕಿಂತ ಅನುಕೂಲವಾದುದು ಇರಲಿಲ್ಲ. ಆದರೆ ಅದರ ಸ್ವಂತ ಸೂಚ್ಯಂಕವೇ ಸುಮಾರು 1.73 ಆದ್ದರಿಂದ ಮಾಣಿಕ್ಯ, ನೀಲಗಳು ಅದರ ಹೊರಗುಳಿದವು. ಸತುವಿನ ಅದಿರಾದ ಬ್ಲೆಂಡ್ 2.37ರವರೆಗಿನ ಆಸೆ ತೋರಿಸುತ್ತದೆ, ಆದರೆ ಗಾಜಿನಷ್ಟೇ ಬೇಗ ಸವೆಯುತ್ತದೆ. ವಜ್ರ ಸವೆಯುವುದಿಲ್ಲ, ಅದರ ಬೆಲೆಯನ್ನು ಹೇಳಬೇಕಾಗಿಲ್ಲ.

ವಜ್ರ ಕೊಳ್ಳುವಷ್ಟು ಹಣವಿದ್ದರೂ ತೊಡಕು ತೀರುತ್ತಿರಲಿಲ್ಲ. ಹರಳಿಗೂ ಪಟ್ಟಕಕ್ಕೂ ನಡುವೆ ಗಾಳಿ ನುಸುಳದಂತೆ ಒಂದು ಹನಿ ದ್ರವ ಹಾಕಲೇಬೇಕು, ಆ ದ್ರವದ ಸೂಚ್ಯಂಕ ಹರಳಿನದಕ್ಕಿಂತ ಹೆಚ್ಚಿರಲೇಬೇಕು. ಗಂಧಕ ಮತ್ತು ಟೆಟ್ರಾಅಯೋಡೋಎಥಿಲೀನ್ ಕರಗಿಸಿದ ಮೆಥಿಲೀನ್ ಅಯೋಡೈಡ್ 1.81ಕ್ಕೆ ನಿಲ್ಲುತ್ತದೆ. ಅದನ್ನು ಮೀರಿ 2.05 ಮುಟ್ಟುವ ವೆಸ್ಟ್ ದ್ರಾವಣದಲ್ಲಿ ರಂಜಕವಿದೆ. ಒಣಗಿದಾಗ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮಾಪಕದ ನಿಜವಾದ ಮೇರೆಯನ್ನು ಗೊತ್ತುಪಡಿಸಿದ್ದು ಪಟ್ಟಕವಲ್ಲ, ಈ ಹನಿ. ದಿನನಿತ್ಯದ ಕೆಲಸಕ್ಕೆ ಮೆದು ಗಾಜೇ ಉಳಿದುಕೊಂಡದ್ದನ್ನು ಜಿಪುಣತನವೆನ್ನಲಾಗದು.

ಮೇರೆಯೊಳಗಿನ ಓದು ಕೂಡ ಎಷ್ಟು ನಾಜೂಕೆಂಬುದು 1945ರಲ್ಲಿ ತಿಳಿಯಿತು. ಡಬ್ಲಿನ್ನಿನಲ್ಲಿ ರಿಚರ್ಡ್ ಟಾಫೆ ಹಳೆಯ ಹರಳುಗಳ ರಾಶಿಯಿಂದ ಆರಿಸಿದ್ದ, 1.419 ಕ್ಯಾರಟ್ ತೂಕದ ತಿಳಿನೇರಳೆ ಹರಳೊಂದು ಎಲ್ಲ ಬಗೆಯಲ್ಲೂ ಸ್ಪೈನೆಲ್‌ನಂತಿತ್ತು. ಸ್ಪೈನೆಲ್‌ನಲ್ಲಿ ಬೆಳಕು ಸೀಳುವುದಿಲ್ಲ. ಇದರಲ್ಲಿ ಮಾತ್ರ ಸೂಕ್ಷ್ಮದರ್ಶಕದಡಿ ಒಳಗಿನ ಕಲೆಗಳು ಜೋಡಿಯಾಗಿ ಕಂಡವು. ಟಾಫೆ ಅದನ್ನು ಆಂಡರ್ಸನ್‌ಗೆ ಕಳುಹಿಸಿದರು. ಅಳತೆಗಳು ಸುಮಾರು 1.718 ಮತ್ತು 1.723, ಸ್ಪೈನೆಲ್‌ನ ಅಂಕಿಗೆ ಅಂಟಿಕೊಂಡೇ ಇದ್ದ ಎರಡು ರೇಖೆಗಳು. ಅದನ್ನು ಹೊಸ ಖನಿಜವೆಂದು ಸ್ಥಾಪಿಸಲು ಮಾಪಕ ಸಾಲಲಿಲ್ಲ. ರಾಸಾಯನಿಕ ವಿಶ್ಲೇಷಣೆಗಾಗಿ ಹರಳನ್ನು ಕತ್ತರಿಸಬೇಕಾಯಿತು. 1951ರಲ್ಲಿ ಟಾಫೆಐಟ್ ಎಂಬ ಹೆಸರಿನಿಂದ ಅದರ ವಿವರ ಪ್ರಕಟವಾಯಿತು. ಮರಳಿ ಸಾಣೆ ಹಿಡಿದ ಆ ಹರಳಿನಲ್ಲಿ ಉಳಿದದ್ದು ಅರ್ಧ ಕ್ಯಾರಟ್‌ಗಿಂತ ತುಸು ಹೆಚ್ಚು.