ಮಳೆ ತಾರದ ಗಾಳಿಯ ಲೆಕ್ಕ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹುಟ್ಟಿದ್ದು ಕಣದಲ್ಲಿ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತನಿಗೆ ಈ ಗಾದೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನ ನೆಲದಲ್ಲಿ ಗಾಳಿಗೆ ಬರವಿಲ್ಲ, ಬರವೇನಿದ್ದರೂ ನೀರಿಗೆ.

ನೈರುತ್ಯ ಮಾರುತವು ತನ್ನಲ್ಲಿರುವ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟದಲ್ಲೇ ಸುರಿದುಬಿಡುತ್ತದೆ. ಘಟ್ಟವಿಳಿದು ಬಯಲುಸೀಮೆಗೆ ಬರುವ ಹೊತ್ತಿಗೆ ಅದರಲ್ಲಿ ಉಳಿಯುವುದು ರಭಸ ಮಾತ್ರ. ಹೀಗಾಗಿ ಆಷಾಢ, ಶ್ರಾವಣಗಳಲ್ಲಿ ಇಲ್ಲಿ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ಮಳೆ ಮಾತ್ರ ಅಪರೂಪ. ನಂಬಬಹುದಾದ ಮಳೆ ಬರುವುದು ಉತ್ತರೆ, ಹಸ್ತೆ, ಚಿತ್ತೆಗಳಲ್ಲಿ. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯ ಬದುಕಿಗೆ ಆಧಾರವಾದ ಶೇಂಗಾ ಬೆಳೆ ನೀರಿಗಾಗಿ ಬಾಯಿ ಬಿಡುವುದೂ ಈ ಗಾಳಿ ತಿಂಗಳುಗಳಲ್ಲಿಯೇ. ಹಾಗಾದರೆ ಮೋಡವನ್ನು ಅಟ್ಟಿಕೊಂಡು ಹೋಗುವ ಈ ಗಾಳಿಯಿಂದಲೇ ಬಾವಿಯ ನೀರನ್ನು ಏಕೆ ಎತ್ತಿಸಬಾರದು?

ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ ಹುಡುಕಿದವರಿದ್ದರು. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ವಿಮಾನದ ರೆಕ್ಕೆಯ ಜೊತೆಗೆ ನೀರೆತ್ತುವ ಗಾಳಿಯಂತ್ರದ ರೆಕ್ಕೆಯನ್ನೂ ಅಭ್ಯಾಸ ಮಾಡಿ, 1960ರ ದಶಕದಲ್ಲಿ ಬಹುರೆಕ್ಕೆಯ ಯಂತ್ರವೊಂದನ್ನು ರೂಪಿಸಿತು. 1970ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅವರು ಹಾಯಿ ಕಟ್ಟಿದ ಅಗ್ಗದ ಯಂತ್ರವೊಂದನ್ನು ಸೂಚಿಸಿದರು. ಸೀಳಿದ ಪೀಪಾಯಿಯ ಎರಡು ಹೋಳುಗಳನ್ನು ನೆಟ್ಟಗೆ ನಿಲ್ಲಿಸಿದಂತೆ ಕಾಣುವ ಫಿನ್‌ಲೆಂಡಿನ ಸವೋನಿಯಸ್ ಚಕ್ರವೇ ಅದಕ್ಕೆ ಮಾದರಿ. 1982ರಲ್ಲಿ ಕೇಂದ್ರ ಸರ್ಕಾರ ಅಸಾಂಪ್ರದಾಯಿಕ ಇಂಧನ ಮೂಲಗಳ ಇಲಾಖೆಯನ್ನು ತೆರೆದ ಮೇಲೆ ‘12-ಪಿಯು-500’ ಎಂಬ ಯಂತ್ರ ದೇಶದ ಹಲವೆಡೆ ತಿರುಗಿತು. 12 ರೆಕ್ಕೆ, 500 ಸೆಂಟಿಮೀಟರ್ ವ್ಯಾಸ ಎಂಬುದು ಆ ಹೆಸರಿನ ಅರ್ಥ.

ಇವರೆಲ್ಲರ ಗುರಿ ಒಂದೇ. ಸಣ್ಣ ಯಂತ್ರದಿಂದ ಆದಷ್ಟು ಹೆಚ್ಚು ಶಕ್ತಿ ಪಡೆಯುವುದು. ಆದರೆ ‘ಆದಷ್ಟು’ ಎಂದರೆ ಎಷ್ಟು?

ಇದಕ್ಕೆ ಒಂದು ಮಿತಿಯಿದೆ. ಗಾಳಿಯ ಶಕ್ತಿಯನ್ನು ಪೂರ್ತಿ ಹೀರಬೇಕಾದರೆ ಅದನ್ನು ರೆಕ್ಕೆಯ ಬಳಿ ನಿಲ್ಲಿಸಿಬಿಡಬೇಕು. ನಿಂತ ಗಾಳಿ ಹಿಂದಿನಿಂದ ಬರುವ ಗಾಳಿಗೆ ದಾರಿ ಬಿಡುವುದಿಲ್ಲ. ಆದ್ದರಿಂದ ಸ್ವಲ್ಪ ಹೀರಿ ಉಳಿದದ್ದನ್ನು ಸಾಗಗೊಡಲೇಬೇಕು. ಹೀಗೆ ಹೀರಬಹುದಾದದ್ದು ಹೆಚ್ಚೆಂದರೆ 27ರಲ್ಲಿ 16 ಪಾಲು, ಅಂದರೆ ಶೇಕಡ 59ರಷ್ಟು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರಲ್ಲಿ ತೋರಿಸಿದ. ಒಳ್ಳೆಯ ಸಣ್ಣ ಯಂತ್ರ ಇದರ ಅರ್ಧದಷ್ಟನ್ನು ಮುಟ್ಟಿದರೆ ಅದೇ ಹೆಚ್ಚು. ರೆಕ್ಕೆಯನ್ನು ಎಷ್ಟೇ ನಾಜೂಕಾಗಿ ಕೆತ್ತಿದರೂ ಈ ಗೆರೆ ದಾಟುವಂತಿಲ್ಲ.

ನಿಜವಾದ ಲಾಭ ಇರುವುದು ಬೇರೆ ಕಡೆ. ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲೇ ಇದನ್ನು ಕಂಡಿದ್ದ. ತಿರುಗುವ ತೋಳಿಗೆ ಪುಟ್ಟ ರೆಕ್ಕೆಗಳನ್ನು ಕಟ್ಟಿ ಪರೀಕ್ಷಿಸಿದ ಆತನಿಗೆ, ಗಾಳಿಯ ವೇಗ ಇಮ್ಮಡಿಯಾದರೆ ಶಕ್ತಿ ಇಮ್ಮಡಿಯಲ್ಲ, ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ ಎಂಬುದು ಗೊತ್ತಾಯಿತು.

ಇದನ್ನು ಚಳ್ಳಕೆರೆಯ ಬಯಲಿಗೆ ಅನ್ವಯಿಸಿ ನೋಡೋಣ. ಮೂರು ಮೀಟರ್ ವ್ಯಾಸದ ಚಕ್ರವಿದೆ ಎಂದುಕೊಳ್ಳಿ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಬೀಸಿದಾಗ ಆ ಚಕ್ರದ ಮೂಲಕ ಹಾಯುವ ಶಕ್ತಿ ಸುಮಾರು 480 ವ್ಯಾಟ್. ಅದರಲ್ಲಿ ಕಾಲುಭಾಗ, ಅಂದರೆ 120 ವ್ಯಾಟ್, ನಮ್ಮ ಕೈಗೆ ಸಿಕ್ಕೀತು. ಗಾಳಿ 10 ಮೀಟರಿಗೇರಿದರೆ ಅದೇ ಯಂತ್ರ 960 ವ್ಯಾಟ್ ಕೊಡಬಲ್ಲದು. ಎರಡೂವರೆ ಮೀಟರಿಗಿಳಿದರೆ ಸಿಗುವುದು ಬರೀ 15 ವ್ಯಾಟ್! ಬಿರುಗಾಳಿಯ ದಿನ ಯಂತ್ರವೇ ಮುರಿಯಬಾರದೆಂದು ಚಕ್ರವನ್ನು ಗಾಳಿಯ ದಾರಿಯಿಂದ ಪಕ್ಕಕ್ಕೆ ತಿರುಗಿಸುವ ಬಾಲವನ್ನು ಇಡುವುದೂ ಇದೇ ಕಾರಣಕ್ಕೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ಅದು ನಿಲ್ಲುವ ಜಾಗವನ್ನು. ಮರ, ಮನೆ, ಬಣವೆಗಳಿಗೆ ತಗುಲಿದ ಗಾಳಿ ಸುಳಿಸುಳಿಯಾಗಿ ಸೊರಗುತ್ತದೆ. ಸುತ್ತ ನೂರು ಮೀಟರಿನೊಳಗೆ ಇರುವ ಯಾವುದೇ ಮರ ಅಥವಾ ಕಟ್ಟಡಕ್ಕಿಂತ ಕನಿಷ್ಠ 30 ಅಡಿ ಎತ್ತರದಲ್ಲಿ ರೆಕ್ಕೆ ತಿರುಗಬೇಕೆಂಬುದು ಬಲ್ಲವರ ಮಾತು. ಬಯಲಿನಲ್ಲಿಯೂ ಗೋಪುರವನ್ನು 10 ಮೀಟರಿನಿಂದ 20 ಮೀಟರಿಗೆ ಏರಿಸಿದರೆ ಗಾಳಿಯ ವೇಗ ಹೆಚ್ಚುವುದು ಹತ್ತನೇ ಒಂದು ಪಾಲು ಮಾತ್ರ. ಆದರೆ ಶಕ್ತಿ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ. ಮರಗಳಿಲ್ಲದ ಇಲ್ಲಿನ ಹುಲ್ಲುಗಾವಲುಗಳು, ಅಮೃತಮಹಲ್ ಕಾವಲುಗಳು, ಬೋಳು ಗುಡ್ಡದ ನೆತ್ತಿಗಳು ಗಾಳಿಗೆ ಅಡ್ಡಿಯಿಲ್ಲದ ರಾಜಮಾರ್ಗಗಳು.

ಎರಡನೆಯದು, ಯಂತ್ರದಿಂದ ಯಾವ ಕೆಲಸ ಆಗಬೇಕು ಎಂಬುದು. ಅಮೆರಿಕದ ಥಾಮಸ್ ಪೆರ್‍ರಿ 1880ರ ದಶಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಪ್ರಯೋಗ ನಡೆಸಿ, ಬಾಗಿದ ಉಕ್ಕಿನ ಹಲವು ರೆಕ್ಕೆಗಳ ಚಕ್ರವನ್ನು ನೀರೆತ್ತಲು ರೂಪಿಸಿದ. ಪಂಪಿನ ಕೊಂತವನ್ನು ಮೊದಲ ಬಾರಿ ಎಳೆಯಲು ಬಲ ಬೇಕು. ಹಲವು ರೆಕ್ಕೆಗಳಿದ್ದರೆ ಮೆಲುಗಾಳಿಯಲ್ಲೂ ಆ ಬಲ ಸಿಗುತ್ತದೆ. ಡೆನ್ಮಾರ್ಕಿನ ಶಾಲಾ ಉಪಾಧ್ಯಾಯ ಪಾಲ್ ಲಾ ಕೂರ್ 1891ರಿಂದ ಗಾಳಿಯಲ್ಲಿ ವಿದ್ಯುತ್ ತೆಗೆಯಲು ಹೊರಟಾಗ ಕಂಡದ್ದು ಇದರ ವಿರುದ್ಧ. ಡೈನಮೋಗೆ ಬೇಕಾದದ್ದು ವೇಗ, ವೇಗಕ್ಕೆ ಕಡಿಮೆ ರೆಕ್ಕೆಗಳೇ ಮೇಲು. ಇಂದಿನ ಮೂರು ರೆಕ್ಕೆಯ ಯಂತ್ರದಲ್ಲಿ ರೆಕ್ಕೆಯ ತುದಿ ಗಾಳಿಗಿಂತ ಐದಾರು ಪಟ್ಟು ವೇಗವಾಗಿ ಓಡುತ್ತದೆ. ಪಂಪಿನ ಚಕ್ರಕ್ಕೆ ಡೈನಮೋ ಕಟ್ಟಿದರೆ, ಎತ್ತನ್ನು ಕುದುರೆ ಜೂಜಿಗೆ ಬಿಟ್ಟಂತೆ.

ಮೂರನೆಯದು ಅಳತೆ. ದಿನವಿಡೀ ಒಂದೇ ಸಮನೆ 5 ಮೀಟರ್ ವೇಗದ ಗಾಳಿ ಬೀಸಿದ ಊರಿಗೂ, ಅರ್ಧ ದಿನ 10 ಮೀಟರ್ ಬೀಸಿ ಇನ್ನರ್ಧ ದಿನ ಸುಮ್ಮನಾದ ಊರಿಗೂ ಸರಾಸರಿ ವೇಗ ಒಂದೇ. ಶಕ್ತಿ ಮಾತ್ರ ಎರಡನೆಯ ಊರಿನಲ್ಲಿ ನಾಲ್ಕು ಪಟ್ಟು! ಗಾಳಿಯನ್ನು ಅಂದಾಜಿನಲ್ಲಿ ಬಿಡದೆ ಗಂಟೆಗಂಟೆಗೆ ಅಳೆಯಬೇಕೆಂದು ದುಡಿದವರು ಹವಾಮಾನ ವಿಜ್ಞಾನಿ ಅಣ್ಣಾ ಮಣಿ. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ, ಡಿ.ಎ. ಮೂಳೆ ಅವರೊಡನೆ 1983ರಲ್ಲಿ ದೇಶದ ಗಾಳಿಯ ಅಂಕಿಅಂಶಗಳ ಗ್ರಂಥವನ್ನು ಹೊರತಂದರು. ಗಾಳಿಯಂತ್ರ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಆಧಾರ ಒದಗಿದ್ದು ಇಂಥ ಅಳತೆಗಳಿಂದ. ಇಂದು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಗಳ ಮೇಲೆ ದೈತ್ಯ ರೆಕ್ಕೆಗಳು ಸಾಲಾಗಿ ತಿರುಗುತ್ತಿವೆ.

ಆದರೆ ಆ ವಿದ್ಯುತ್ ತಂತಿ ಹಿಡಿದು ದೂರ ಹೋಗುತ್ತದೆ. ಹೊಲದ ಬಾವಿಯ ಪಕ್ಕದಲ್ಲಿ ನಿಲ್ಲಬೇಕಿದ್ದ ಸಣ್ಣ ಯಂತ್ರ ಏಕೆ ಬೇರೂರಲಿಲ್ಲ? ಗಾಳಿ ಕೈಕೊಡಲಿಲ್ಲ, ನೀರು ದೂರ ಸರಿಯಿತು. ಕಪಿಲೆ ಹೊಡೆಯುತ್ತಿದ್ದ ತೆರೆದ ಬಾವಿಯಲ್ಲಿ ನೀರು ಹತ್ತು ಮೀಟರಿಗೆ ಸಿಗುತ್ತಿತ್ತು ಎಂದುಕೊಳ್ಳಿ. ಅಲ್ಲಿಂದ ನೀರೆತ್ತಲು 100 ವ್ಯಾಟ್ ಪೂರ್ತಿ ಬಳಕೆಯಾದರೆ ಗಂಟೆಗೆ 3,600 ಲೀಟರ್ ಮೇಲೆ ಬರುತ್ತದೆ. ಅದೇ 100 ವ್ಯಾಟ್ 150 ಮೀಟರ್ ಆಳದ ಕೊಳವೆಬಾವಿಯಿಂದ ಎತ್ತುವುದು 240 ಲೀಟರ್, ಅಂದರೆ ಹದಿನೈದು ಕೊಡದಷ್ಟು. ವಿದ್ಯುತ್ ಪಂಪ್‌ಸೆಟ್ ಬಂತು, ಅದರ ಬೆನ್ನಿಗೆ ಉಚಿತ ವಿದ್ಯುತ್ ಬಂತು, ಬಾವಿಗಳು ಬತ್ತಿದವು. ಯಂತ್ರದ ದಕ್ಷತೆ ಶೇಕಡ ಐದು ಹೆಚ್ಚಿಸಲು ವಿಜ್ಞಾನಿಗಳು ಹೆಣಗುತ್ತಿದ್ದರೆ, ಅದರ ಹೊರೆ ಹದಿನೈದು ಪಟ್ಟು ಬೆಳೆದಿತ್ತು.

ಹಾಗೆಂದು ಸಣ್ಣ ಗಾಳಿಯಂತ್ರದ ಕಾಲ ಮುಗಿಯಿತು ಎನ್ನಲಾಗದು. ಮೋಡ ಮುಸುಕಿ ಸೌರಫಲಕ ಸೊರಗುವ ಆಷಾಢದಲ್ಲಿ ಗಾಳಿ ಗಟ್ಟಿ. ಗಾಳಿ ಸುಮ್ಮನಾಗುವ ದಿನಗಳಲ್ಲಿ ಬಿಸಿಲು ಗಟ್ಟಿ. ಎರಡನ್ನೂ ಜೋಡಿಸಿದರೆ ಒಂಟಿಮನೆಯ ದೀಪಕ್ಕೆ, ದನಕರುಗಳ ತೊಟ್ಟಿಗೆ ಸಾಕಾಗುವಷ್ಟು ಶಕ್ತಿ ವರ್ಷವಿಡೀ ದೊರೆತೀತು. ಅದಕ್ಕಿಂತ ದೊಡ್ಡ ಮಾತೆಂದರೆ, ಕೆರೆಯ ಹೂಳು ತೆಗೆದು, ಬಿದ್ದ ಮಳೆಯನ್ನು ನೆಲಕ್ಕೆ ಇಂಗಿಸಿ ಅಂತರ್ಜಲವನ್ನು ಒಂದೊಂದು ಮೀಟರ್ ಮೇಲೆ ತಂದಷ್ಟೂ ಅದೇ ರೆಕ್ಕೆ, ಅದೇ ಗಾಳಿ ಹೆಚ್ಚು ನೀರೆತ್ತುತ್ತವೆ. ಗಾಳಿಯಂತ್ರದಿಂದ ಅತಿ ಹೆಚ್ಚಿನ ಫಲ ಪಡೆಯುವ ಉಪಾಯಗಳಲ್ಲಿ ಈ ಸೀಮೆಗೆ ಎಲ್ಲಕ್ಕಿಂತ ಮುಖ್ಯವಾದುದು ಕೆರೆಯಂಗಳದಲ್ಲಿದೆ.