ಓದುಗರೇ ಪಾಲುದಾರರಾದ ಪತ್ರಿಕೆ

ಕನ್ನಡ ಪತ್ರಿಕೋದ್ಯಮದ ಮೊದಲ ಹೆಜ್ಜೆ ಮೂಡಿದ್ದು ಮಂಗಳೂರಿನಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಆ ಪಾಕ್ಷಿಕದ ಬೆನ್ನಿಗೆ ಮಿಷನ್ ನಿಂತಿತ್ತು. ಮುಂದೆ ದಿನಪತ್ರಿಕೆಗಳಿಗೆ ಉದ್ಯಮಿಗಳು ಬಂಡವಾಳ ಹೂಡಿದರು. ಬೆಂಗಳೂರಿನಲ್ಲಿ ಕೆ.ಎನ್. ಗುರುಸ್ವಾಮಿಯವರು 1948ರಲ್ಲಿ ‘ಪ್ರಜಾವಾಣಿ’ಯನ್ನೂ, ಮಣಿಪಾಲದ ಪೈ ಮನೆತನದವರು 1970ರಲ್ಲಿ ‘ಉದಯವಾಣಿ’ಯನ್ನೂ ಸ್ಥಾಪಿಸಿದರು. ಬಯಲುಸೀಮೆಗೂ ಕರಾವಳಿಗೂ ನಡುವಿರುವ ಗೋಣಿಬೀಡು, ಮೂಡಿಗೆರೆಯ ನಮಗೆ ಈ ಎರಡು ಹೆಸರುಗಳೂ ಚಿರಪರಿಚಿತ.

1984ರಲ್ಲಿ ಮಂಗಳೂರಿನಲ್ಲೇ ಬೇರೊಂದು ಬಗೆಯ ಪ್ರಯೋಗ ನಡೆಯಿತು. ‘ಪ್ರಜಾವಾಣಿ’ಯ ವರದಿಗಾರರಾಗಿ ಹೆಸರು ಮಾಡಿದ್ದ ವಡ್ಡರ್ಸೆ ರಘುರಾಮ ಶೆಟ್ಟರು ‘ಮುಂಗಾರು’ ದಿನಪತ್ರಿಕೆಯನ್ನು ಆರಂಭಿಸಿದರು. ಧನಿಕರೊಬ್ಬರ ಆಶ್ರಯವನ್ನು ಬಯಸದೆ, ಜನಸಾಮಾನ್ಯರಿಂದ ಷೇರು ಹಣ ಕೂಡಿಸಿ ಪತ್ರಿಕೆ ಕಟ್ಟಿದರು. ಹಿಂದುಳಿದವರ, ದಲಿತರ ದನಿಗೆ ಅಲ್ಲಿ ಎಡೆ ದೊರೆಯಿತು. ಇಂದೂಧರ ಹೊನ್ನಾಪುರ, ಎನ್.ಎಸ್. ಶಂಕರ್, ದಿನೇಶ್ ಅಮಿನ್ ಮಟ್ಟು ಮೊದಲಾದ ಪತ್ರಕರ್ತರು ಅಲ್ಲಿ ದುಡಿದರು. ಆದರೆ ಆರ್ಥಿಕ ಮುಗ್ಗಟ್ಟಿನಿಂದ ಪತ್ರಿಕೆ ದೀರ್ಘಕಾಲ ಬಾಳಲಿಲ್ಲ.

ಸದುದ್ದೇಶದ ಕಾರ್ಯವೂ ಹೀಗೇಕೆ ಸೊರಗುತ್ತದೆಂಬುದನ್ನು ವ್ಯಾಪಾರಿಯು ಜಮಾಖರ್ಚಿನ ದೃಷ್ಟಿಯಿಂದ ನೋಡಬಹುದು. ಷೇರು ಒಮ್ಮೆ ಕೊಡುವ ಹಣ. ಪತ್ರಿಕೆಯ ಖರ್ಚಾದರೋ ದಿನದಿನದ್ದು. ಕಾಗದ, ಮಸಿ, ಸಂಬಳ, ಸಾಗಾಣಿಕೆ, ಏಜೆಂಟರ ಕಮಿಷನ್ ಇವೆಲ್ಲವನ್ನೂ ಕೂಡಿದರೆ, ಓದುಗನು ಕೊಡುವ ಬೆಲೆಯಿಂದ ಸಾಮಾನ್ಯವಾಗಿ ಅಸಲೂ ಹುಟ್ಟುವುದಿಲ್ಲ. ಆ ಕೊರತೆಯನ್ನು ತುಂಬುವುದು ಜಾಹೀರಾತು. ಪ್ರಸಾರ ಬೆಳೆಯದೆ ಜಾಹೀರಾತು ಬಾರದು. ಜಾಹೀರಾತಿಲ್ಲದೆ ಪ್ರಸಾರ ಬೆಳೆದಷ್ಟೂ ನಷ್ಟವೇ ಬೆಳೆಯುತ್ತದೆ. ಈ ನಡುಗಾಲದಲ್ಲಿ ಕೈಹಿಡಿಯುವವರಿಲ್ಲದಿದ್ದರೆ ಹೊಸ ಪತ್ರಿಕೆ ಉಳಿಯುವುದು ಕಷ್ಟ. ಸಾಲವೋ ಒಬ್ಬನ ಔದಾರ್ಯವೋ ಕೈಹಿಡಿದರೆ, ಲೇಖನಿಯ ಸ್ವಾತಂತ್ರ್ಯಕ್ಕೆ ಕುತ್ತು ಬರುವ ಭಯವುಂಟು.

ಆದ್ದರಿಂದ ಸತ್ಯವನ್ನು ಬರೆಯುವ ಹೊಣೆ ಸಂಪಾದಕರದಾದರೆ, ಅದಕ್ಕೆ ತಗಲುವ ವೆಚ್ಚದಲ್ಲಿ ಓದುಗರಿಗೂ ಪಾಲಿದೆ. ಚಂದಾ ಹಣವನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸುವುದು ಅದರ ಮೊದಲ ಅಂಶ. ಉತ್ಸವಾದಿಗಳಿಗೆ ಜಾಹೀರಾತು ನೀಡುವ ಬಸದಿಗಳ ಆಡಳಿತ ಮಂಡಳಿಗಳು, ಅಂಗಡಿ ಮುಂಗಟ್ಟುಗಳ ನಮ್ಮಂಥವರು ಇನ್ನೊಂದನ್ನೂ ನೆನಪಿಡಬೇಕು: ಜಾಹೀರಾತಿನ ಹಣದಿಂದ ಕೊಳ್ಳುವುದು ಪುಟದ ಸ್ಥಳವನ್ನು ಮಾತ್ರ. ಅದಕ್ಕೆ ಪ್ರತಿಯಾಗಿ ಹೊಗಳಿಕೆಯನ್ನಾಗಲಿ ಮೌನವನ್ನಾಗಲಿ ಬಯಸುವುದು ನ್ಯಾಯವಾದ ವ್ಯಾಪಾರವೆನಿಸದು.